ನಾನು ಎಲ್ಕ್ ಬೇಟೆಗೆ ಹೋಗಿ ಬಂದದ್ದು

ಬೇಟೆಯಾಡುವುದು ಅಂಥ ಕಷ್ಟದ ಕೆಲಸವೇನಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಪ್ರಾಣಿ ಕಾಣಬೇಕು, ಗುರಿಯಿಡಬೇಕು, ಬಂದೂಕಿನ ಕುದುರೆ ಒತ್ತಬೇಕು. ಇಂಜಿನಿಯರಿಂಗ್ ಓದಿದವನಿಗೆ ಇದರಲ್ಲಿ ತಿಳಿಯದಿರುವುದು ಏನಿದೆ?

ಎಂಬತ್ತರ ದಶಕದ ಕೊನೆಯ ಮಾತು. ನ್ಯೂಯಾರ್ಕಿಗೆ ಅಂಟಿಕೊಂಡಂತಿರುವ ನ್ಯೂಜರ್ಸಿಯ ಜರ್ಸಿ ಸಿಟಿಯಲ್ಲಿ ನಮ್ಮ ಮನೆ, ಸೀಕಾಕಸ್‌ನಲ್ಲಿ ನನ್ನ ಕೆಲಸ. ಗೋದಾಮುಗಳಿಗೆ ಕನ್ವೇಯರ್ ಬೆಲ್ಟ್ ವಿನ್ಯಾಸ ಮಾಡುವ ಸಣ್ಣ ಕಂಪನಿ. ಆ ವರ್ಷ ಬೇಸಿಗೆಯಿಂದಲೇ ಲೇ ಆಫ್ ಆಗುತ್ತದೆಂಬ ಗುಸುಗುಸು ಶುರುವಾಗಿತ್ತು. ನನ್ನ ಗ್ರೀನ್ ಕಾರ್ಡ್ ಅರ್ಜಿ ಅದೇ ಕಂಪನಿಯ ಮೂಲಕ ಹೋಗಿದ್ದರಿಂದ, ಕೆಲಸ ಹೋದರೆ ಅದೂ ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ನನ್ನ ಬಾಸ್ ಫ್ರ್ಯಾಂಕ್ ನನ್ನ ಮೇಜಿನ ಹತ್ತಿರ ಬಂದ. ಅರವತ್ತರ ಆಸುಪಾಸಿನ, ಹೆಂಡತಿಯನ್ನು ಕಳೆದುಕೊಂಡ, ಮಾತು ಕಡಿಮೆಯ ಮನುಷ್ಯ. ಪ್ರತಿ ವರ್ಷ ನವೆಂಬರಿನಲ್ಲಿ ಇಬ್ಬರು ಸ್ನೇಹಿತರ ಜೊತೆ ಕೊಲರಾಡೊ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುತ್ತಿದ್ದ. ಎಲ್ಕ್ ಎಂದರೆ ನಮ್ಮ ಕಡವೆಗೆ ದೊಡ್ಡಪ್ಪನಂಥ ಪ್ರಾಣಿ. ಆಳೆತ್ತರದ ಮೈ, ತಲೆಯ ಮೇಲೆ ಒಣಗಿದ ಮರದಂಥ ಕೊಂಬು. ಹನ್ನೆರಡು ವರ್ಷಗಳಲ್ಲಿ ಒಂದನ್ನೂ ಫ್ರ್ಯಾಂಕ್ ಹೊಡೆದಿರಲಿಲ್ಲ. ಈ ಸಲ ಒಬ್ಬ ಸ್ನೇಹಿತ ಕಾಲು ಮುರಿದುಕೊಂಡಿದ್ದಾನೆ, ನೀನು ಬರುತ್ತೀಯಾ, ಬೇಟೆ ಗೊತ್ತೇ ಎಂದು ಕೇಳಿದ. ನಮ್ಮ ತಾತ ಮಹಾರಾಜರ ಕಾಲದಲ್ಲಿ ಅರಣ್ಯ ಇಲಾಖೆಯಲ್ಲಿದ್ದರು ಎಂದೆ. ಸುಳ್ಳಲ್ಲ. ಅವರು ಅಲ್ಲಿ ಟಪಾಲು ಗುಮಾಸ್ತರಾಗಿದ್ದರು, ಆನೆಯನ್ನು ಕಂಡದ್ದು ದಸರಾ ಮೆರವಣಿಗೆಯಲ್ಲಿ ಮಾತ್ರ ಎಂಬುದನ್ನು ಹೇಳಲಿಲ್ಲ, ಅಷ್ಟೆ. ಫ್ರ್ಯಾಂಕ್ ನನ್ನನ್ನು ಹೊಸ ಗೌರವದಿಂದ ನೋಡಿದ.

ನನ್ನ ಹೆಂಡತಿ ಶಾರದಾ ಹಾಗೆ ನೋಡಲಿಲ್ಲ.

"ಜಿರಲೆ ಕಂಡ್ರೆ ಕುರ್ಚಿ ಹತ್ತೋರು ನೀವು," ಎಂದಳು.

"ನಾನೇನು ಹೊಡೀತೀನಾ? ಸುಮ್ನೆ ಜೊತೆಗಿರೋದು. ಜೊತೇಲಿ ಕಾಡು ಅಲೆದವನನ್ನ ಯಾರಾದ್ರೂ ಕೆಲಸದಿಂದ ತೆಗೀತಾರಾ?"

ನನ್ನ ಕೆಲಸ ಹೋಗುವ ಭಯ ಅವಳಿಗೂ ಇತ್ತು. ಪುಳಿಯೋಗರೆ ಗೊಜ್ಜು ಮಾಡಿಕೊಟ್ಟಳು. ಬೆಟ್ಟದ ಚಳಿಗೆ ತಲೆನೋವು ಬಂದರೆ ಇರಲಿ ಎಂದು ನೀಲಗಿರಿ ಎಣ್ಣೆಯ ಸೀಸೆಯನ್ನೂ ಇಟ್ಟಳು.

ಬೇಟೆಯ ಪರವಾನಗಿಗೆ ಮೊದಲು ಸುರಕ್ಷತೆಯ ತರಗತಿಗೆ ಹೋಗಬೇಕಿತ್ತು. ಬಂದೂಕಿನ ಮೂತಿಯನ್ನು ಎಂದೂ ಮನುಷ್ಯರ ಕಡೆ ತಿರುಗಿಸಬಾರದು ಎಂಬುದೇ ಅಲ್ಲಿನ ಮೊದಲ ಪಾಠ. ಪರೀಕ್ಷೆಯಲ್ಲಿ ಇಡೀ ತರಗತಿಗೇ ನಾನು ಮೊದಲಿಗನಾದೆ. ಪರೀಕ್ಷೆ ಎಂದರೆ ನಮ್ಮವರನ್ನು ಯಾರು ಮೀರಿಸುತ್ತಾರೆ?

ಆದರೆ ಬಂದೂಕಿನ ಕುದುರೆ ಒತ್ತುವ ಮೊದಲು ನಿಜವಾದ ಕುದುರೆ ಹತ್ತಬೇಕೆಂದು ಆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಬೆಟ್ಟದ ಬುಡದಲ್ಲಿ ನಮ್ಮ ಗೈಡ್ ಡೇಲ್, ತನ್ನ ಹಾಗೇ ಬಡಕಲಾದ ಒಂದು ಕುದುರೆಯನ್ನು ನನಗೆ ಒಪ್ಪಿಸಿದ. ನಾನು ಎಡಗಡೆಯಿಂದ ಹತ್ತಿ ಬಲಗಡೆಯಿಂದ ಇಳಿದೆ. ನಡುವೆ ಕೂತ ನೆನಪಿಲ್ಲ. ಕೊನೆಗೆ ಡೇಲ್ ನನ್ನನ್ನು ಮೂಟೆಯಂತೆ ಎತ್ತಿ ಕೂರಿಸಿದ. ಆರು ಗಂಟೆಯ ದಾರಿ, ಮೇಲೆ ಬೂದಿ ಬಣ್ಣದ ಆಕಾಶ, ಎದುರಿನಿಂದ ಹಿಮ ಬೆರೆತ ಗಾಳಿ. ಗುಡಾರ ತಲುಪಿದಾಗ ನನ್ನ ಎರಡು ಕಾಲುಗಳಿಗೂ ಒಂದಕ್ಕೊಂದು ಸಂಬಂಧ ಕಡಿದುಹೋಗಿತ್ತು.

ಎರಡನೆಯ ದಿನ ಬೆಳಗ್ಗೆ ಡೇಲ್ ನನ್ನ ಭುಜ ಮುಟ್ಟಿ ಎದುರಿಗೆ ಬೆರಳು ತೋರಿಸಿದ. ಮರಗಳ ನಡುವೆ ಒಂದು ಗಂಡು ಎಲ್ಕ್ ನಿಂತಿತ್ತು. ಹೊಡಿ ಎಂದು ಪಿಸುಗುಟ್ಟಿದ. ಮಹಾರಾಜರ ಬೇಟೆಗಾರನ ಮೊಮ್ಮಗ ಇಲ್ಲವೆನ್ನುವುದು ಹೇಗೆ? ಫ್ರ್ಯಾಂಕ್ ಕೊಟ್ಟಿದ್ದ ಬಂದೂಕಿನಿಂದ ಎಲ್ಲೋ ಪಕ್ಕಕ್ಕೆ ಗುರಿಯಿಟ್ಟು, ಕಣ್ಣು ಮುಚ್ಚಿ ಒತ್ತಿದೆ. ಏನೂ ಆಗಲಿಲ್ಲ. ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು ತೆಗೆಯುವುದನ್ನೇ ಮರೆತಿದ್ದೆ. "ಅಯ್ಯೋ, ಇದು ಕೆಟ್ಟುಹೋಗಿದೆ" ಎಂದು ಅಚ್ಚ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ, ತೋರಿಸೋಣವೆಂದು ಬಂದೂಕಿನ ಸಮೇತ ಡೇಲ್‌ನ ಕಡೆ ತಿರುಗಿದೆ. ಮೂತಿ ಅವನ ಎದೆಗೆ ನೇರವಾಗಿತ್ತು.

ಎಲ್ಕ್ ಒಂದು ದಿಕ್ಕಿಗೆ ಓಡಿತು. ಡೇಲ್ ಹಿಮದಲ್ಲಿ ಬೋರಲಾಗಿ ಬಿದ್ದ. ಎದ್ದವನು ಮೆಲ್ಲಗೆ ಬಂದು ಬಂದೂಕು ಕಿತ್ತುಕೊಂಡ. ಅವನು ಬೈದಿದ್ದರೆ ಚೆನ್ನಾಗಿತ್ತು. ಊರಿನಲ್ಲಿ ತನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದಷ್ಟೇ ಹೇಳಿದ.

ನಿಶ್ಶಸ್ತ್ರನಾದ ನನಗೆ ಫ್ರ್ಯಾಂಕ್‌ನ ಹಿಂದೆ ಸುಮ್ಮನೆ ಕೂರುವ ಕೆಲಸ ಕೊಟ್ಟರು. ಅದನ್ನೂ ನಾನು ಕೆಡಿಸಬಲ್ಲೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಕೊನೆಯ ದಿನ ತಲೆ ಸಿಡಿಯುತ್ತಿತ್ತು. ಹಣೆಗೆ, ಕತ್ತಿಗೆ, ಮಫ್ಲರಿಗೆ ಧಾರಾಳವಾಗಿ ನೀಲಗಿರಿ ಎಣ್ಣೆ ಹಚ್ಚಿಕೊಂಡು ಕೂತೆ. ಎರಡು ಗಂಟೆ ಕಾದ ಮೇಲೆ, ಡೇಲ್ ಹೇಳಿದ್ದ ಜಾಗದಲ್ಲೇ ದೊಡ್ಡದೊಂದು ಎಲ್ಕ್ ಹೊರಬಂತು. ಫ್ರ್ಯಾಂಕ್ ಉಸಿರು ಬಿಗಿಹಿಡಿದು ಬಂದೂಕೆತ್ತಿದ. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿ ನಮ್ಮ ಬೆನ್ನ ಹಿಂದಿನಿಂದ ಅದರ ಕಡೆಗೆ ಬೀಸಿತು. ಎಲ್ಕ್ ತಲೆಯೆತ್ತಿ, ಮೂಗರಳಿಸಿ, ಫ್ರ್ಯಾಂಕ್‌ನನ್ನು ದಾಟಿ ನೇರವಾಗಿ ನನ್ನನ್ನೇ ನೋಡಿತು. ಮರುಕ್ಷಣ ಅಲ್ಲಿ ಬರಿಯ ಮರಗಳು.

ಡೇಲ್ ನನ್ನ ಮಫ್ಲರ್ ಮೂಸಿ ನೋಡಿ, ಕುದುರೆಗಳನ್ನು ತರಲು ಹೋದ.

ಫ್ರ್ಯಾಂಕ್ ಬಂದೂಕಿನಿಂದ ಗುಂಡು ತೆಗೆದಿಟ್ಟು ಬಿದ್ದ ಮರದ ಮೇಲೆ ಕೂತ. ನಾನು ಕ್ಷಮೆ ಕೇಳಲು ಶುರುಮಾಡಿದೆ. ಅವನು ಕೈಯೆತ್ತಿ ತಡೆದ.

"ಆಫೀಸಲ್ಲಿ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದೆ," ಎಂದ. "ಡಿಸೆಂಬರಿಗೆ ನಮ್ಮ ವಿಭಾಗ ಮುಚ್ಚುತ್ತೆ. ನಿನ್ನ ಕೆಲಸ ಹೋಗುತ್ತೆ. ನನ್ನದೂ."

ಆಗಸ್ಟಿನಿಂದಲೇ ಅವನಿಗೆ ಗೊತ್ತಿತ್ತಂತೆ. ಎಲ್ಕ್ ಹೊಡೆದ ಖುಷಿಯಲ್ಲಾದರೆ ಹೇಳಲು ಧೈರ್ಯ ಬರಬಹುದು ಎಂದುಕೊಂಡಿದ್ದನಂತೆ. ಆ ಖುಷಿಯನ್ನೂ ನಾನು ಅವನಿಗೆ ಉಳಿಸಿರಲಿಲ್ಲ. ಮುಳುಗುವ ದೋಣಿಯ ಅಂಬಿಗನನ್ನು ಮೆಚ್ಚಿಸಲು ನಾನು ಬೆಟ್ಟ ಹತ್ತಿ ಬಂದಿದ್ದೆ.

ಆಮೇಲೆ ಬ್ರೆಡ್ಡಿಗೆ ಪುಳಿಯೋಗರೆ ಗೊಜ್ಜು ಸವರಿ ಅವನಿಗೂ ಕೊಟ್ಟೆ. ಖಾರಕ್ಕೋ ಯಾತಕ್ಕೋ ಅವನ ಕಣ್ಣಲ್ಲಿ ನೀರಿತ್ತು. ನಿನ್ನ ತಾತ ಇದನ್ನೆಲ್ಲ ನೋಡಿದ್ದರೆ ಏನೆನ್ನುತ್ತಿದ್ದರು ಎಂದು ಕೇಳಿದ. ಇನ್ನು ಬಚ್ಚಿಟ್ಟು ಪ್ರಯೋಜನವೇನು? ಅವರು ಕಾಗದಗಳಿಗೆ ಅಂಚೆಚೀಟಿ ಅಂಟಿಸುತ್ತಿದ್ದರು ಎಂದೆ. ಫ್ರ್ಯಾಂಕ್ ನನ್ನನ್ನೇ ನೋಡಿದ. ನಂತರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಮ್ಮ ಜೊತೆ ಬಂದಿದ್ದ ಫ್ರ್ಯಾಂಕ್‌ನ ಇನ್ನೊಬ್ಬ ಸ್ನೇಹಿತ ಒಂದು ಎಲ್ಕ್ ಹೊಡೆದಿದ್ದ. ಸಂಪ್ರದಾಯದಂತೆ ಎಲ್ಲರಿಗೂ ಮಾಂಸ ಹಂಚಿದರು. ಬೇಡ ಎನ್ನಲು ಬಾಯಿ ಬರದೆ, ಒಂದು ಪೆಟ್ಟಿಗೆಯನ್ನು ನ್ಯೂಯಾರ್ಕ್ ತನಕ ವಿಮಾನದಲ್ಲಿ ತಂದೆ. ಶಾರದಾ ಪೆಟ್ಟಿಗೆಯನ್ನು ಹೊಸಿಲು ದಾಟಲು ಬಿಡಲಿಲ್ಲ. ಕೆಲಸದ ಸುದ್ದಿ ಹೇಳಿದೆ. ನನ್ನ ಬಟ್ಟೆಯ ಚೀಲವನ್ನು ಕೈಗೆ ತೆಗೆದುಕೊಂಡು, "ನೀವು ಒಳಗೆ ಬನ್ನಿ, ಅದು ಬೇಡ," ಎಂದಳು. ಪೆಟ್ಟಿಗೆಯನ್ನು ಕೆಳಮನೆಯ ಪೋಲಿಷ್ ಅಜ್ಜಿಗೆ ಕೊಟ್ಟು ಬಂದೆ.

ಬೇರೆ ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಗ್ರೀನ್ ಕಾರ್ಡ್ ಅರ್ಜಿ ಮತ್ತೆ ಮೊದಲಿನಿಂದ. ಆ ನಾಲ್ಕು ತಿಂಗಳು ಶಾರದಾ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದಳು, ನಾನು ಕಸದ ಚೀಲ ಹಿಡಿದು ಕೆಳಗಿಳಿಯುತ್ತಿದ್ದೆ. ಆ ಅಜ್ಜಿ ಬಾಗಿಲು ತೆರೆದು, ದಿನವೂ ಎದೆಯ ಮೇಲೆ ಕೈಯಿಟ್ಟು, "ಗುಡ್ ಮಾರ್ನಿಂಗ್, ಮಿಸ್ಟರ್ ಹಂಟರ್," ಎನ್ನುತ್ತಿದ್ದಳು. ನಾನು ಒಂದು ದಿನವೂ ಅಲ್ಲಗಳೆಯಲಿಲ್ಲ. ಇಡೀ ನ್ಯೂಜರ್ಸಿಯಲ್ಲಿ ಆಗ ನನಗೆ ಉಳಿದಿದ್ದ ಹುದ್ದೆ ಅದೊಂದೇ.