ಕಲ್ಲು ಅಳಿಸಿದ ಕಲಾವಿದ

ನಾನು ತೆಗೆದ ಕಡಲತೀರದ ಹಕ್ಕಿಗಳೆಲ್ಲ ಚಿತ್ರದ ನಟ್ಟನಡುವೆ ನಿಂತಿರುತ್ತವಂತೆ. ಹಿಂದಿನ ಸಮುದ್ರ ವಾಲಿಕೊಂಡು, ನೀರೆಲ್ಲ ಈಗಲೋ ಆಗಲೋ ಚೆಲ್ಲಿಹೋಗುವಂತೆ ಕಾಣುತ್ತದಂತೆ. ನಮ್ಮ ಫೋಟೋ ಸಂಘದ ಮೇಷ್ಟ್ರು ಹೀಗೆಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅಂದವಳು ನನ್ನ ಹೆಂಡತಿ. (ಮೇಷ್ಟ್ರೂ ಅಂದಿದ್ದರು, ಆ ಮಾತು ಬೇರೆ.)

"ಪಾಸ್‌ಪೋರ್ಟಿಗೆ ಫೋಟೋ ಹೊಡೆಸ್ಕೊಂಡ ಹಾಗಿವೆ ರೀ ನಿಮ್ಮ ಹಕ್ಕಿಗಳು!"

"ನೋಡ್ತಾ ಇರು. ಈ ಸಲ ಸಂಘದ ಗೋಡೆ ಮೇಲೆ ನನ್ನ ಚಿತ್ರ ಬರದಿದ್ರೆ ಕ್ಯಾಮೆರಾ ನಿನ್ನ ತಮ್ಮನಿಗೆ!"

ಬಾಯಿ ತಪ್ಪಿ ಬಂದ ಶಪಥ. ಭಾವಮೈದ ಅಂದೇ ಫೋನ್ ಮಾಡಿ, ಬ್ಯಾಗನ್ನೂ ಸೇರಿಸಿ ಕೊಡುತ್ತೀರಾ ಎಂದು ವಿಚಾರಿಸಿದ. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ.

ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂಬುದು ಮೇಷ್ಟ್ರ ಪಾಠ. ಇಳಿದೆ. ಈ ಘನ ಶರೀರವನ್ನು ಹಸಿ ಮರಳಿನ ಮೇಲೆ ಬೋರಲು ಕೆಡವಿ, ಮೊಣಕೈಯಲ್ಲಿ ತೆವಳಿದೆ. ಹೊಟ್ಟೆ ಅಡ್ಡ ಬಂತು, ಲೆಕ್ಕಿಸಲಿಲ್ಲ. ಪುಟ್ಟ ಹಕ್ಕಿಯೊಂದು ನನ್ನನ್ನು ಕಂಡು ಕೂಗಿಕೊಂಡಿತು, ಓಡಿತು, ಮತ್ತೆ ಅಲ್ಲಿಗೇ ಬಂದು ನಿಂತಿತು. ಕ್ಲಿಕ್! ಹಕ್ಕಿ ಎಡಕ್ಕೆ, ಅದು ನೋಡುವ ಬಲಬದಿಗೆ ಧಾರಾಳ ಜಾಗ, ಸಮುದ್ರ ಗೆರೆ ಎಳೆದಷ್ಟು ನೇರ. ಖುಷಿಗೆ ಮರಳಿನಲ್ಲೇ ಒಂದು ಸುತ್ತು ಹೊರಳಿದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ, ಆ ಧಾರಾಳ ಜಾಗದಲ್ಲಿ ನಾಲ್ಕು ಬೂದು ಕಲ್ಲುಗಳು ಬಿದ್ದಿದ್ದವು.

"ಇದ್ರೆ ಇರ್ಲಿ ಬಿಡ್ರೀ. ಹಕ್ಕಿ ಅವನ್ನೇ ನೋಡ್ತಾ ಇದೆಯಲ್ಲ," ಎಂದಳು ಹೆಂಡತಿ.

"ಕಣ್ಣಿಗೆ ಅಡ್ಡ ಬಂದಿದ್ದನ್ನ ತೆಗೆಯೋದಕ್ಕೇ ಎಡಿಟಿಂಗ್ ಅನ್ನೋದು ಕಣೇ. ನಿಂಗೆ ಗೊತ್ತಾಗಲ್ಲ."

"ಹಾಗಾದ್ರೆ ಸೋಫಾ ಮೇಲಿರೋ ನಿಮ್ಮ ಬಟ್ಟೆ ರಾಶಿನೂ ಎಡಿಟ್ ಮಾಡಿ!"

ಕಲಾವಿದನಾದವನಿಗೆ ಕಿವಿ ಇರಬಾರದು. ಕಲ್ಲುಗಳನ್ನು ಒಂದೊಂದಾಗಿ ಅಳಿಸಿದೆ, ಮರಳನ್ನು ಇಸ್ತ್ರಿ ಹಾಕಿದಷ್ಟು ನುಣುಪು ಮಾಡಿದೆ. 'ಏಕಾಂಗಿ' ಎಂದು ನಾಮಕರಣ ಮಾಡಿ, ನಿಯಮದಂತೆ ಮೂಲ ಚಿತ್ರವನ್ನೂ ಸೇರಿಸಿ ಸಂಘಕ್ಕೆ ಕಳಿಸಿದೆ.

ಆಯ್ಕೆಯ ದಿನ ಮೇಷ್ಟ್ರು ಎರಡನ್ನೂ ದೊಡ್ಡ ಪರದೆಯ ಮೇಲೆ ಹಾಕಿ, ಮೂಲದಲ್ಲಿದ್ದ ಕಲ್ಲೊಂದನ್ನು ಹಿಗ್ಗಿಸುತ್ತಾ ಹೋದರು. ಕಲ್ಲಿಗೆ ಕಣ್ಣಿತ್ತು. ಕೊಕ್ಕೂ ಇತ್ತು.

"ಅಪಾಯ ಬಂದ್ರೆ ಮರಿಗಳು ಹೀಗೆ ಮರಳಿಗೆ ಅಂಟ್ಕೊಂಡು ಕೂರ್ತವೆ," ಎಂದರು ಮೇಷ್ಟ್ರು. (ಅಪಾಯ ಎಂದರೆ, ಬೋರಲು ಬಿದ್ದಿದ್ದ ನಾನು.) "ಅದಕ್ಕೇ ತಾಯಿ ಜಾಗ ಬಿಟ್ಟು ಹೋಗಿಲ್ಲ. ಎಂಥಾ ಅಪರೂಪದ ಚಿತ್ರ! ನೀವು ನೋಡಿದ್ರೆ ನಾಲ್ಕೂ ಮಕ್ಕಳನ್ನ ಒರೆಸಿ ಹಾಕಿ, ತಾಯಿಗೆ ಏಕಾಂಗಿ ಅಂತ ಹೆಸರು ಬೇರೆ ಇಟ್ಟಿದ್ದೀರಿ!"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ತಾಯಿಹಕ್ಕಿಯ ಮುಖ ನೋಡಲೂ ನಾಚಿಕೆಯಾಯಿತು.

"ಹಾಗಾದ್ರೆ ಮೂಲ ಚಿತ್ರನೇ ತಗೊಳ್ಳಿ ಸಾರ್," ಎಂದು ಗೋಗರೆದೆ.

"ಅದೊಂದೇ ಯಾಕೆ? ಎರಡೂ ಬೇಕು."

ಈಗ ಸಂಘದ ಗೋಡೆಯ ಮೇಲೆ ನನ್ನ ಚಿತ್ರ ಒಂದಲ್ಲ, ಎರಡಿವೆ. ಹೊಸಬರ ತರಗತಿಯ ಬಾಗಿಲ ಬಳಿಯೇ, ಅಕ್ಕಪಕ್ಕ. ಕೆಳಗೆ ನನ್ನ ಹೆಸರು, ಮೇಲೆ ದಪ್ಪಕ್ಷರದಲ್ಲಿ 'ಎಡಿಟಿಂಗ್: ಹೀಗೆ ಮಾಡಬೇಡಿ'. ಶಪಥ ಗೆದ್ದೆ, ಕ್ಯಾಮೆರಾ ಉಳಿಯಿತು. ಮನೆಗೆ ಬಂದ ನೆಂಟರನ್ನೆಲ್ಲ ಹೆಂಡತಿ ತಾನೇ ಅಲ್ಲಿಗೆ ಕರೆದೊಯ್ದು, "ನೋಡಿ, ನಮ್ಮನೆಯವರು ಎಷ್ಟು ನೀಟಾಗಿ ಒರೆಸ್ತಾರೆ. ಮನೇಲಿ ಮಾತ್ರ ಒಂದು ಮೇಜು ಒರೆಸಲ್ಲ," ಎಂದು ತೋರಿಸುತ್ತಾಳೆ.