ಇಂಜಿನ್ ಪೆಟ್ಟಿಗೆಯ ಕಾವು

ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ವೆಂಕಟಮ್ಮನ ಪಕ್ಕದಲ್ಲಿ ಕೂತು ಒಂದೇ ಒಂದು ಪ್ರಯಾಣ ಮಾಡಿಲ್ಲವೆಂಬ ಕೊರಗು ಹಲಸೂರಿನ ಶಾಮಿಯಾನ ಅಂಜನಮೂರ್ತಿಯನ್ನು ಒಳಗೊಳಗೇ ಕೊರೆಯುತ್ತಿತ್ತು. ಬಸ್ಸಿನಲ್ಲಾದರೆ ಹೆಂಗಸರು ಮುಂದೆ, ಗಂಡಸರು ಹಿಂದೆ. ಜಟಕಾ ಹತ್ತಿದರೆ ವೆಂಕಟಮ್ಮ ಒಳಗೆ, ಅವನು ಹೊರಗೆ ಕುದುರೆಯ ಬಾಲದ ಸನ್ನಿಧಿಯಲ್ಲಿ. ಮನೆಯಲ್ಲಂತೂ ತಾಯಿಯ ಎದುರಿಗೆ ಗಂಡ ಹೆಂಡತಿ ಒಂದೇ ಚಾಪೆಯ ಮೇಲೆ ಕೂತರೆ ಸಂಜೆಯೊಳಗೆ ಅದು ಬೀದಿಗೆಲ್ಲಾ ಸುದ್ದಿ.

ಹೀಗಿರುವಾಗ ಯುದ್ಧ ಮುಗಿಯಿತು. ದಂಡು ಪ್ರದೇಶದಲ್ಲಿ ಮಿಲಿಟರಿಯವರು ತಮಗೆ ಬೇಡವಾದ ಗಾಡಿಗಳನ್ನು ಹರಾಜು ಹಾಕಿದರು. ಅಂಜನಮೂರ್ತಿ ಹಳೆಯ ಡೇರೆಗಳನ್ನು ಕೊಳ್ಳಲು ಹೋದವನು ಒಂದು ಆಂಬುಲೆನ್ಸ್ ಕೊಂಡು ಬಂದ. (ಡೇರೆಗಳನ್ನು ಮರೆತೇಬಿಟ್ಟ.) ಗಾಯಾಳುಗಳು ಮಲಗುತ್ತಿದ್ದ ಜಾಗದಲ್ಲಿ ಎರಡು ಮಂಚ ಹಾಕಿಸಿದ. ಪಾತ್ರೆಗೆ ಗೂಡು, ಸೀಮೆಎಣ್ಣೆ ಒಲೆಗೆ ಮೂಲೆ, ಕಿಟಕಿಗಳಿಗೆ ಶಾಮಿಯಾನದ ಕೆಂಪು ಪರದೆ ಎಲ್ಲವೂ ಆಯಿತು. ಪಕ್ಕದಲ್ಲಿ ‘ಸಂಚಾರಿ ಸದನ’ ಎಂದು ಬರೆಸಿದ ಮೇಲೆ ಇಡೀ ಹಲಸೂರೇ ನೋಡಲು ಬಂತು. ಚಕ್ರದ ಮೇಲೆ ಮನೆಯೇ ಹೋಗುತ್ತದೆ ಎಂದರೆ ಸಾಮಾನ್ಯವೇ? ಗಾಡಿ ಗುಡುಗುಟ್ಟಿ ಶುರುವಾದಾಗ ತಾಯಿ ದೊಡ್ಡಮುನಿಯಮ್ಮ ಸೆರಗು ಹೊದ್ದು ಕೈಮುಗಿದಳು.

“ಒಳಗಡೆ ಯಾರೋ ದೊಡ್ಡೋರು ಕೂತವ್ರೆ” ಎಂದಳು.

ಆ ದೊಡ್ಡವರು ಕೂತಿದ್ದ ಜಾಗವೇ ತೊಂದರೆಗೆ ಮೂಲ. ಗಾಡಿಗೆ ಮೂತಿಯಿರಲಿಲ್ಲ. ಇಂಜಿನ್ನು ಮುಂದಕ್ಕೆ ಚಾಚಿಕೊಳ್ಳದೆ, ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಅಗಲವಾದ ತಗಡಿನ ಪೆಟ್ಟಿಗೆಯೊಳಗೆ ವಿರಾಜಮಾನವಾಗಿತ್ತು. ವೆಂಕಟಮ್ಮನ ತವರು ಹೊಸಕೋಟೆಗೆ ಮೊದಲ ಸವಾರಿ ಹೊರಟ ದಿನ, ತಾಯಿ ಹಿಂದಿನ ಮಂಚದ ಮೇಲೆ, ಹೆಂಡತಿ ಮುಂದೆ ಅವನ ಪಕ್ಕದಲ್ಲಿ. ಅಂಜನಮೂರ್ತಿಗೆ ಸ್ವರ್ಗ ಮೂರು ಮೊಳದಷ್ಟೇ ದೂರವಿದ್ದಂತೆ ಕಂಡಿತು. ಬೈಯಪ್ಪನಹಳ್ಳಿ ದಾಟುವಾಗ ವೆಂಕಟಮ್ಮ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡಳು. ಕೃಷ್ಣರಾಜಪುರದ ಕೆರೆ ಕಂಡದ್ದೇ ಗಾಡಿ ನಿಲ್ಲಿಸಿ ಎಂದಳು, ಇಳಿದು ಹೋಗಿ ನೀರಿನಲ್ಲಿ ಕಾಲಿಟ್ಟು ನಿಂತಳು.

“ಪಕ್ಕದಲ್ಲಿ ಕೂರ್ಸಿಕೊಳ್ತೀನಿ ಅಂದ್ರಿ. ಒಲೆ ಮೇಲೆ ಅಂತ ಹೇಳ್ಲೇ ಇಲ್ಲ” ಎಂದವಳು ಹಿಂದಿನ ಬಾಗಿಲಿನಿಂದ ಹತ್ತಿ ಅತ್ತೆಯ ಪಕ್ಕ ಕೂತುಬಿಟ್ಟಳು.

ಹೆಂಡತಿ ಕೈತಪ್ಪಿದಳೆಂಬ ದುಃಖದಲ್ಲಿ ಅಂಜನಮೂರ್ತಿ ಇಂಜಿನಿಯರ್ ಆದ. ಗೋಣಿಚೀಲ ನೆನೆಸಿ ಪೆಟ್ಟಿಗೆಯ ಮೇಲೆ ಹೊದಿಸಿದ. ಅದು ಹಬೆಯಾಡಿತು. ಪ್ರಯೋಗಕ್ಕೆ ಒಪ್ಪಿ ಕೂತ ವೆಂಕಟಮ್ಮ, “ಇಷ್ಟು ದಿನ ಹುರೀತಿದ್ರಿ. ಇವತ್ತು ಇಡ್ಲಿ ಬೇಯಿಸ್ದಂಗೆ ಬೇಯಿಸಿದ್ರಿ” ಎಂದು ಮುಖ ಒರೆಸಿಕೊಂಡು ಇಳಿದಳು. ಶಾಮಿಯಾನದ ಜಮಖಾನೆಯನ್ನು ಮಡಿಸಿ ಹಾಸಿದ. ಅದು ಹೊಗೆಯಾಡಿತು. ಬಾಡಿಗೆಗೆ ಹೋಗಬೇಕಾದ ಜಮಖಾನೆಯ ನಟ್ಟನಡುವೆ ಹಂಚಿನಾಕಾರದ ಕರಿ ಮಚ್ಚೆಯೊಂದು ಶಾಶ್ವತವಾಗಿ ಉಳಿಯಿತು.

ಕೊನೆಗೆ ರಸೆಲ್ ಮಾರ್ಕೆಟ್ಟಿನ ಹಿಂದೆ ಗುಜರಿ ಅಂಗಡಿಯಿಟ್ಟಿದ್ದ ಗೆಳೆಯ ಖಾದರನ ಶೆಡ್ಡಿಗೆ ಗಾಡಿ ಬಂತು. ಉಪ್ಪಿನಕಾಯಿ ಭರಣಿ ಕೊಳ್ಳಲು ಮಾರ್ಕೆಟ್ಟಿಗೆ ಹೊರಟಿದ್ದ ವೆಂಕಟಮ್ಮನೂ ಜೊತೆಗಿದ್ದಳು.

“ಮೂರ್ತಿ, ಮೇಲೆ ಕಂಬಳಿ ಹೊದ್ಸಿದ್ರೆ ಜ್ವರ ಇಳೀತದಾ? ಒಳಗೆ ನೋಡೋಣ ಬಾ” ಎಂದ ಖಾದರ್.

“ನೋಡಿದ್ರೆ ನಿಂಗೇನು ಗೊತ್ತಾಗ್ತದೆ?”

“ನಂಗೂ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ಲ. ಇಬ್ರೂ ಕೂಡಿ ನೋಡೋಣ.”

ಇಂಜಿನ್ ಶುರುಮಾಡಿ, ಸಾಕಷ್ಟು ಹೊತ್ತು ಗುಡುಗಲು ಬಿಟ್ಟು, ಪೆಟ್ಟಿಗೆಯ ಮುಚ್ಚಳ ತೆಗೆದರು. ಮುಸ್ಸಂಜೆಯ ಆ ಮಬ್ಬು ಶೆಡ್ಡಿನಲ್ಲಿ ಮೂವರೂ ಬಗ್ಗಿ ನೋಡಿದರು. ಹೊಗೆ ಹೋಗುವ ಕಬ್ಬಿಣದ ಕೊಳವೆ ಕಾದು ಕಾದು ಕೆಂಪಗಾಗಿತ್ತು; ಸಾಣೆ ಹಿಡಿದ ಮಾಣಿಕ್ಯದ ಹಾಗೆ ಒಳಗಿನಿಂದಲೇ ಬೆಳಗುತ್ತಿತ್ತು. ಸುತ್ತಲಿನ ಗಾಳಿ ನೀರಿನಂತೆ ನಡುಗುತ್ತಿತ್ತು. ಅಷ್ಟು ಬೆಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಯಂತ್ರ ಒಂದೇ ತಾಳದಲ್ಲಿ, ಯಾರ ಮೇಲೂ ಸಿಟ್ಟಿಲ್ಲದೆ ದುಡಿಯುತ್ತಿತ್ತು. ಅಂಜನಮೂರ್ತಿ ತನಗೇ ತಿಳಿಯದಂತೆ ಚಪ್ಪಲಿ ಕಳಚಿದ್ದ.

“ಅಬ್ಬಾ, ಇದ್ರ ಪಕ್ಕದಲ್ಲಾ ನಾನು ಕೂತಿದ್ದಿದ್ದು” ಎಂದಳು ವೆಂಕಟಮ್ಮ, ಮೆಲ್ಲಗೆ. ಆಮೇಲೆ ಗಂಡನ ಕಡೆ ತಿರುಗಿ, “ಪಾಪ ರೀ, ಅದು ತಾನೇ ಏನ್ಮಾಡ್ತದೆ. ಕಾವು ಹೋಗಕ್ಕೆ ದಾರಿ ಬೇಡ್ವಾ?” ಎಂದಳು.

ಆ ಮಾತು ಹಿಡಿದು ಗೆಳೆಯರಿಬ್ಬರೂ ಜಗಳವಾಡುತ್ತಲೇ ಕೆಲಸ ಮಾಡಿದರು. ಕೊಳವೆಗೆ ಬೆಂಕಿಗೆ ಬಗ್ಗದ ಕಲ್ನಾರಿನ ಹಗ್ಗ ಸುತ್ತಿದರು. ಪೆಟ್ಟಿಗೆಯ ಒಳಮೈಗೆ ಕಲ್ನಾರಿನ ಹಾಳೆ ಹಚ್ಚಿ, ಬೆರಳು ತೂರುವಷ್ಟು ಸಂದು ಬಿಟ್ಟು, ಕನ್ನಡಿಯಂತೆ ಉಜ್ಜಿದ ತಗಡು ಕೂರಿಸಿದರು. ಕಾಲ ಬಳಿ ಕಾವು ನುಗ್ಗುತ್ತಿದ್ದ ತೂತುಗಳನ್ನೆಲ್ಲ ಮುಚ್ಚಿದರು. ಬಿಸಿಗಾಳಿ ಕೆಳಗಿನಿಂದ ಹೊರಗೆ ಹೋಗಲು ಎರಡೂ ಬದಿಗೆ ಕಿಂಡಿ ಕೊರೆದರು. ಗಾಡಿಯಲ್ಲಿ ದಂಡಿನ ರಸ್ತೆಗಳನ್ನೆಲ್ಲ ಸುತ್ತಿ ಬಂದು ಖಾದರ್ ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟ. ತೆಗೆಯಲೇ ಇಲ್ಲ.

“ಏನಾಯ್ತೋ, ಅಂಟ್ಕೊಂಡ್ಬಿಡ್ತಾ?” ಎಂದು ಅಂಜನಮೂರ್ತಿ ಹೆದರಿದ.

“ಸುಮ್ನಿರು ಮೂರ್ತಿ. ನಿದ್ದೆ ಬರ್ತಾ ಐತೆ.”

ವೆಂಕಟಮ್ಮನ ತಂಗಿಯ ಮದುವೆಗೆ ಹೊರಟ ಬೆಳಗ್ಗೆ ಅಂಜನಮೂರ್ತಿ ಹೊಸ ರುಮಾಲು ಸುತ್ತಿದ್ದ. ವೆಂಕಟಮ್ಮ ಧರ್ಮಾವರದ ಸೀರೆಯುಟ್ಟು ಮಲ್ಲಿಗೆ ಮುಡಿದು ಮುಂದಿನ ಸೀಟು ಹತ್ತಿದಳು. ಹಲಸೂರಿನ ಕೆರೆಯ ಸುತ್ತ ಒಂದು ಸುತ್ತು ಹಾಕಿಸಿ, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟಳು. ಅಂಗೈ ಅಲ್ಲಿಯೇ ಇತ್ತು. ಗಂಡನನ್ನು ಅವಳು ನೋಡಿದ ನೋಟದಲ್ಲಿ ಅಂದು ಬೆರಗಿತ್ತು. ಮದುವೆಯ ದಿನವೂ ಅಷ್ಟಿರಲಿಲ್ಲ.

“ಏನೋ ಅಂದ್ಕೊಂಡಿದ್ದೆ ನಿಮ್ಮನ್ನ” ಎಂದಳು.

ಅಂಜನಮೂರ್ತಿಯ ರುಮಾಲು ಗಾಡಿಯ ಚಾವಣಿಗೆ ತಾಗಿತು.

ತಾಯಿಯನ್ನು ಹತ್ತಿಸಿಕೊಳ್ಳಲು ಮನೆಯ ಮುಂದೆ ನಿಲ್ಲಿಸಿದರು. ದೊಡ್ಡಮುನಿಯಮ್ಮ ಹಿಂದಿನ ಬಾಗಿಲಿಗೆ ಹೋಗದೆ ಮುಂದೆ ಬಂದು, ಸೊಸೆಯ ಕೈಯನ್ನು ನೋಡಿ, ತಾನೂ ಕೈ ನೀಡಿ ಪೆಟ್ಟಿಗೆಯನ್ನು ಸವರಿದಳು.

“ನಮ್ಮ ಮನೆ ಜಗಲಿಗಿಂತ ತಣ್ಣಗೈತಲ್ಲಪ್ಪ. ಅಗಲಾನೂ ಐತೆ.”

“ಅಮ್ಮ, ನಿಂಗೆ ಹಿಂದೆ ಮಂಚ ಐತಲ್ಲ, ಮಲಕ್ಕೊಂಡು ಬರ್ಬೋದು” ಎಂದ ಮಗ ಅವಸರವಾಗಿ.

“ಹಿಂದೆ ಕೂತ್ರೆ ಬಿಟ್ಬಂದಿದ್ದೇ ಕಾಣ್ತದೆ, ಬರೋದು ಕಾಣಲ್ಲ. ಅವತ್ತು ಇವಳು ಹಿಂದಕ್ಕೆ ಬಂದಾಗ್ಲೂ ಈ ಶಾಖಕ್ಕೇ ನಾನು ಮುಂದೆ ಬರ್ಲಿಲ್ಲ. ಸರ್ಕೋ ತಾಯಿ.”

ವೆಂಕಟಮ್ಮ ಸರಿದಳು. ದೊಡ್ಡಮುನಿಯಮ್ಮ ಎಲೆ ಅಡಿಕೆ ಚೀಲದ ಸಮೇತ ಮಗ ಸೊಸೆಯರ ನಟ್ಟನಡುವೆ, ಪೆಟ್ಟಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಅಂಜನಮೂರ್ತಿಗೆ ಹೆಂಡತಿಯದೆಂದು ಇನ್ನು ಕಂಡದ್ದು ತಾಯಿಯ ಕಿವಿಯಾಚೆ ಅಲ್ಲಾಡುತ್ತಿದ್ದ ಒಂದು ಎಳೆ ಮಲ್ಲಿಗೆ, ಅಷ್ಟೇ. ಅದು ನಗುವಿಗೆ ಅಲ್ಲಾಡುತ್ತಿತ್ತೋ ರಸ್ತೆಯ ಗುಂಡಿಗೋ ತಿಳಿಯಲಿಲ್ಲ.

ಕೃಷ್ಣರಾಜಪುರ ಬಂತು. ಅವನು ಕತ್ತು ನೀಡಿ, ದನಿಯನ್ನು ಆದಷ್ಟು ಮೃದು ಮಾಡಿ ಕೇಳಿದ:

“ಸೆಕೆ ಏನಾದ್ರೂ ಆಗ್ತಾ ಐತಾ?”

“ನಂಗೇನೂ ಇಲ್ಲಪ್ಪ, ನೀನು ದಾರಿ ನೋಡು” ಎಂದಳು ತಾಯಿ.