ನಾಲ್ಕು ಮಳೆಗಳ ಫೋಟೊ

ಶಿರಸ್ತೇದಾರ್ ಜಯದೇವಪ್ಪನವರ ಮಗಳ ಮುಖದಲ್ಲಿ ಮೊಡವೆ ಏಳದೆ ಇದ್ದಿದ್ದರೆ ಷಣ್ಮುಖಪ್ಪನ ಆ ಸೋಮವಾರ ಉಳಿದ ಸೋಮವಾರಗಳ ಹಾಗೆಯೇ ಕಳೆದುಹೋಗುತ್ತಿತ್ತು.

ಷಣ್ಮುಖಪ್ಪ ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಂದಾಯದ ಕೆಲಸದ ಜೊತೆಗೆ ಕಚೇರಿ ಅಂಗಳದ ಮಳೆಮಾಪಕವೂ ಅವನ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದವನೇ ಅದರ ಮುಚ್ಚಳ ತೆಗೆದು ಇಣುಕುವನು. ಜನವರಿಯಲ್ಲಿ ಅದರೊಳಗೆ ಒಂದು ಹಲ್ಲಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅವನ ಹೆಂಡತಿ ತೀರ್ಥಮ್ಮನಿಗೆ ಹುಟ್ಟಿನಿಂದ ಇರುಳುಗಣ್ಣು. ಹಗಲು ಸೂಜಿಗೆ ದಾರ ಪೋಣಿಸುವವಳು ಸೂರ್ಯ ಮುಳುಗಿದರೆ ಗೋಡೆ ಹಿಡಿದು ನಡೆಯಬೇಕು. ಒಕ್ಕಲುತನದ ಮನೆಯಲ್ಲಿ ಬೆಳೆದವಳು. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳ ಹೆಸರೆಲ್ಲ ಬಾಯಿಪಾಠ. ಯಾವ ಮಳೆಗೆ ಏನು ಬಿತ್ತಬೇಕೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವಳು. ಆ ಹೆಸರಿನ ನಕ್ಷತ್ರಗಳನ್ನು ಮಾತ್ರ ಒಂದು ಸಲವೂ ಕಂಡವಳಲ್ಲ.

ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದಳು: "ರೀ, ನಕ್ಷತ್ರ ಅಂದ್ರೆ ಹೆಂಗಿರ್ತವೆ?"

"ಕರೀ ಕಂಬಳಿ ಮೇಲೆ ಸಕ್ಕರೆ ಚೆಲ್ಲಿದಂಗೆ."

ಮಾರನೆಯ ದಿನ ಅವನು ಮನೆಗೆ ಬಂದಾಗ ಅವಳು ನಡುಮನೆಯಲ್ಲಿ ಕಂಬಳಿ ಹಾಸಿ, ಸಕ್ಕರೆ ಉದುರಿಸಿ, ಅದರ ಮುಂದೆ ಕೂತಿದ್ದಳು. ಆಗಲೇ ಇರುವೆ ಬಂದಿದ್ದವು.

"ಅವೂ ಹಿಂಗೇ ಓಡಾಡ್ತವಾ?" ಎಂದು ಕೇಳಿದಳು.

"ಓಡಾಡ್ತವೆ. ಮೆಲ್ಲಗೆ," ಎಂದಿದ್ದ ಷಣ್ಮುಖಪ್ಪ. ಆ ದಿನದಿಂದ ಅವನಿಗೆ ಸಕ್ಕರೆ ಡಬ್ಬಿ ಕಂಡಾಗಲೆಲ್ಲ ಆ ಕಂಬಳಿ ನೆನಪಾಗುತ್ತಿತ್ತು. ಎರಡು ವರ್ಷದ ಹಿಂದೆ ಶಿವಮೊಗ್ಗದ ಕಣ್ಣಿನ ಡಾಕ್ಟರು, ಹಗಲಿನ ನೋಟವೂ ಬರುಬರುತ್ತಾ ಕಿರಿದಾಗುತ್ತದೆ ಎಂದು ಅವನನ್ನು ಪಕ್ಕಕ್ಕೆ ಕರೆದು ಹೇಳಿದ ಮೇಲೆ, ನೋಡೋಣ, ಮಾಡೋಣ ಎನ್ನುವಂತಿರಲಿಲ್ಲ. ಅವಳು ರಾತ್ರಿಯೊಳಗೆ ಹೋಗಿ ನಕ್ಷತ್ರ ನೋಡಲಾರಳು. ನಕ್ಷತ್ರಗಳನ್ನೇ ಹಗಲಿಗೆ ತರಬೇಕು. ಅಂದರೆ ಫೋಟೊ.

ಹೋದ ವರ್ಷ ತರೀಕೆರೆಯ ಸ್ಟುಡಿಯೊ ಈರಭದ್ರಪ್ಪನ ಕ್ಯಾಮೆರಾ ಬೇಡಿ ತಂದು, ಹೆಚ್ಚು ಹೊತ್ತು ತೆರೆದಿಟ್ಟರೆ ಹೆಚ್ಚು ನಕ್ಷತ್ರ ಬೀಳುತ್ತವೆ ಎಂದುಕೊಂಡು, ಅರ್ಧ ಗಂಟೆ ಶಟರ್ ತೆರೆದಿಟ್ಟಿದ್ದ. ಆಕಾಶ ಸುಮ್ಮನೆ ನಿಲ್ಲುವುದಿಲ್ಲವಲ್ಲ. ಒಂದೊಂದು ನಕ್ಷತ್ರವೂ ಒಂದೊಂದು ಗೆರೆ ಎಳೆದಿತ್ತು. ಪ್ರಿಂಟ್ ನೋಡಲು ಬೀದಿಯೇ ಜಗಲಿಗೆ ಬಂದಿತ್ತು. ಪಕ್ಕದ ಮನೆಯ ತಿಮ್ಮಕ್ಕ ಮೊದಲು ಬಾಯಿಬಿಟ್ಟಳು: "ಏನಪ್ಪಾ ಷಣ್ಮುಖ, ನಕ್ಷತ್ರ ತತ್ತೀನಿ ಅಂತ ಹೋಗಿ ಜಡಿಮಳೆ ತಂದಿದೀಯಲ್ಲ!"

ಸುದ್ದಿ ಬಸ್ಸಿನಲ್ಲಿ ಅವನಿಗಿಂತ ಮುಂಚೆ ತರೀಕೆರೆ ತಲುಪಿತು. ಕಚೇರಿಯಲ್ಲಿ ಅವನಿಗೆ 'ಗೆರೆ ಸಾಹೇಬ್ರು' ಎಂದು ಹೆಸರಾಯಿತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಮಾತ್ರ ನಗದೆ ದಾರಿ ಹೇಳಿದರು: "ಆಕಾಶದ ಜೊತೆಗೆ ಕ್ಯಾಮೆರಾ ತಿರುಗಿಸೋ ಯಂತ್ರ ಬೇಕು ಕಣ್ರೀ. ಅದು ನಿಮ್ಮ ಹತ್ರ ಇಲ್ಲ, ನನ್ನ ಹತ್ರಾನೂ ಇಲ್ಲ. ಅದಿಲ್ದಿದ್ರೆ, ಅವು ಅಲುಗಿದ್ದು ಫಿಲ್ಮಿಗೆ ಗೊತ್ತಾಗೋದ್ರೊಳಗೆ ಮುಚ್ಚಿಬಿಡಿ."

ಅದಕ್ಕೆ ಈ ವರ್ಷ ಸಂಕ್ರಾಂತಿ ಅಮಾವಾಸ್ಯೆಯ ದಿನ ಬಿದ್ದದ್ದು ಷಣ್ಮುಖಪ್ಪನಿಗೆ ವರವಾಗಿ ಕಂಡಿತು. ಚಂದ್ರನ ಕಾಟವಿಲ್ಲ. ಈರಭದ್ರಪ್ಪ ಶನಿವಾರ ಶಿರಸ್ತೇದಾರರ ಮಗಳ ಫೋಟೊ ಎಂಟು ತೆಗೆದಿದ್ದ. ಹನ್ನೆರಡರ ರೋಲಿನಲ್ಲಿ ನಾಲ್ಕು ಉಳಿದಿದ್ದವು. "ಖಾಲಿ ಮಾಡ್ಕೊಂಡು ಬಾ, ಆದ್ರೆ ಕ್ಯಾಮೆರಾ ಬೀಳಿಸ್ಬೇಡ ಮಾರಾಯ," ಎಂದು ಕೊಟ್ಟು ಕಳಿಸಿದ. ಸ್ಟ್ಯಾಂಡ್ ಕೊಡಲಿಲ್ಲ, ಅದರ ಒಂದು ಕಾಲು ಯಾವುದೋ ಮದುವೆಮನೆಯಲ್ಲಿ ಮುರಿದಿತ್ತು.

ಹಿತ್ತಲ ಒರಳುಕಲ್ಲಿನ ಮೇಲೆ ಅರ್ಧ ತುಂಬಿದ ರಾಗಿ ಚೀಲ, ಚೀಲದೊಳಗೆ ಹುದುಗಿಸಿದ ಕ್ಯಾಮೆರಾ. ಅದೇ ಅವನ ಯಂತ್ರ. ಅಂದು ರಾತ್ರಿ ಊಟದ ಹೊತ್ತಿಗೆ ಕೃತ್ತಿಕೆ ನೆತ್ತಿಗೆ ಬಂದಿತ್ತು, ಅದರ ಮೂಡಣಕ್ಕೆ ರೋಹಿಣಿ, ಮೃಗಶಿರ, ಕೊನೆಗೆ ಕೆಂಪಗೆ ಆರಿದ್ರಾ. ನಾಲ್ಕೂ ಒಂದೇ ಚೌಕಟ್ಟಿಗೆ ಬರುತ್ತಿದ್ದವು. ಶಟರ್ ತೆರೆದಿರುವಷ್ಟು ಹೊತ್ತು ಲೆಕ್ಕ ಹಿಡಿಯಲು ತೀರ್ಥಮ್ಮ ಪಕ್ಕದಲ್ಲಿ ಕೂತು 'ಶಿವಾಯ ನಮಃ' ಎಣಿಸಿದಳು. ಅವಳಿಗೆ ಕಾಣುತ್ತಿದ್ದದ್ದು ಕತ್ತಲೆಯೊಂದೇ; ಆದರೂ ಮುಖ ಮೇಲಕ್ಕೆತ್ತಿಯೇ ಎಣಿಸಿದಳು.

"ಬಿದ್ವೇನ್ರೀ?"

"ಬಿದ್ದಿರ್ತವೆ. ಸೋಮವಾರ ಹೊತ್ತು ಮುಳುಗೋದ್ರೊಳಗೆ ನಿನ್ ಕೈಯಲ್ಲಿರ್ತವೆ."

ಭಾನುವಾರವೇ ತಲುಪಿಸಿದ್ದ ರೋಲನ್ನು ಈರಭದ್ರಪ್ಪ ಸೋಮವಾರ ಬೆಳಿಗ್ಗೆ ತೊಳೆದು ಒಣಹಾಕಿದ್ದ. ಷಣ್ಮುಖಪ್ಪ ಕೊನೆಯ ನಾಲ್ಕು ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು: ಕಪ್ಪು ಆಕಾಶ ಗಾಜಿನಂತೆ ತಿಳಿಯಾಗಿತ್ತು, ನಕ್ಷತ್ರಗಳು ಕಪ್ಪಗೆ, ಸಾಸಿವೆಗಿಂತ ಸಣ್ಣಗೆ ಉದುರಿದ್ದವು. ಒಂದೂ ಗೆರೆಯಿಲ್ಲ. ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕೂತ ಪುಟ್ಟ ಗುಂಪು. ಕೃತ್ತಿಕೆ! ಅವನಿಗೆ ಕೂಗಿಕೊಳ್ಳಬೇಕೆನಿಸಿತು. ಆದರೆ ಹೋದ ವರ್ಷದ ನಗು ನೆನಪಾಗಿ ಸುಮ್ಮನಾದ. ಅವಳು ನೋಡುವ ತನಕ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡ.

ಕಚೇರಿಗೆ ಬಂದರೆ ಜಯದೇವಪ್ಪನವರು ಬಾಗಿಲಲ್ಲೇ ನಿಂತಿದ್ದರು.

"ಷಣ್ಮುಖಪ್ಪ, ಫೋಟೊ ನಾಳೆ ಬೆಳಿಗ್ಗೆ ದಾವಣಗೆರೆಗೆ ಹೋಗ್ಬೇಕು, ಗಂಡಿನ ಕಡೆಗೆ. ಈರಭದ್ರಪ್ಪ ಮೊಡವೆ ಸಮೇತ ಹೊಡೆದಿದಾನೆ. ಕಡೂರಿನಲ್ಲಿ ಟಚಿಂಗ್ ಓಬಳಪ್ಪ ಅಂತ ಇದಾನಂತಲ್ಲ, ನೆಗೆಟಿವ್ ತಗೊಂಡು ನೀನೇ ಹೋಗು. ರೋಲಿನಲ್ಲಿ ಒಂದೇ ಒಂದು ಕಲೆ ಉಳೀಬಾರ್ದು ಅಂತ ನಾನು ಹೇಳ್ದೆ ಅಂತ ಹೇಳು. ಉಳೀತೋ, ನೀನು ಲಿಂಗದಹಳ್ಳಿ ಕಡೆ ಹೋಗಿ ಮಳೆ ಅಳೀತಿರ್ತೀಯ."

ಷಣ್ಮುಖಪ್ಪನಿಗೆ ಒಳಗೊಳಗೇ ಖುಷಿ. ಸರ್ಕಾರಿ ಕೆಲಸದ ಮೇಲೆ ಸ್ವಂತ ಕೆಲಸ. ಓಬಳಪ್ಪನ ಹತ್ತಿರ ದೊಡ್ಡದು ಮಾಡುವ ಯಂತ್ರವೂ ಇತ್ತು, ಪ್ರಿಂಟೂ ಅಲ್ಲೇ ಆಗುತ್ತದೆ. ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಬೀರೂರಿನವರೆಗೂ ನೆಗೆಟಿವ್ ಲಕೋಟೆಯನ್ನು ಹೆಂಗಸೊಬ್ಬಳ ಕೋಳಿ ಬುಟ್ಟಿಗೆ ಸಿಗದಂತೆ ತಲೆಯ ಮೇಲೆ ಹಿಡಿದು ನಿಂತ.

"ಏನ್ ಗೆರೆ ಸಾಹೇಬ್ರೆ, ಕೈ ಮೇಲೆತ್ಕೊಂಡು ಹೊಂಟಿದೀರಾ, ಪೊಲೀಸ್ರು ಹಿಡಿದ್ರಾ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಷಣ್ಮುಖಪ್ಪನೂ ನಕ್ಕ. ಇವತ್ತು ನಗಬಹುದು ಎನಿಸಿತ್ತು.

ಓಬಳಪ್ಪ ಕಡೂರು ಬಸ್ ನಿಲ್ದಾಣದ ಹಿಂದಿನ ಕೋಣೆಯೊಂದರಲ್ಲಿ, ಕಿಟಕಿಯ ಬೆಳಕಿಗೆ ಕೂತು ಸುತ್ತಲಿನ ಊರುಗಳ ಮುಖಗಳನ್ನೆಲ್ಲ ನುಣುಪು ಮಾಡುವವನು. ಒಂದು ಕಿವಿಯ ಮೇಲೆ ಪೆನ್ಸಿಲ್, ಬೆರಳ ಸಂದಿಯಲ್ಲಿ ಬ್ಲೇಡಿನ ಚೂರು. ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುವುದನ್ನು ಪೆನ್ಸಿಲ್‌ನಿಂದ ತುಂಬುವುದು, ಕಪ್ಪಾಗಿ ಕಾಣುವುದನ್ನು ಬ್ಲೇಡಿನಿಂದ ಕೆರೆದು ತೆಗೆಯುವುದು, ಇಷ್ಟೇ ಅವನ ವಿದ್ಯೆ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ಶಿರಸ್ತೇದಾರ್ ಸಾಹೇಬ್ರು ಹೇಳಿಕಳಿಸಿದಾರೆ. ರೋಲಿನಲ್ಲಿ ಒಂದೇ ಒಂದು ಕಲೆ ಉಳೀಬಾರ್ದಂತೆ," ಎಂದ ಷಣ್ಮುಖಪ್ಪ.

"ನನ್ ಕೈಗೆ ಬಂದ ಮೇಲೆ ಉಳಿಯೋದುಂಟಾ ಸಾರ್?"

ಬಾಗಿಲವರೆಗೆ ಹೋದ ಷಣ್ಮುಖಪ್ಪ ತಿರುಗಿ ಬಂದ. "ಆ ಕೊನೇ ನಾಲ್ಕು ಇದಾವಲ್ಲ, ಅವು ನನಗೆ ಬೇಕು. ಬಾಳ ಮುಖ್ಯ. ಅವನ್ನ ಇನ್ನೂ ಕಾಳಜಿಯಿಂದ ಮಾಡು."

"ಅದ್ರಲ್ಲಿ ಏನೈತೆ?"

ಏನು ಹೇಳುವುದು? ಹೇಳಿದರೆ ಕಡೂರಿನಲ್ಲೂ ಗೆರೆ ಸಾಹೇಬ. "ನೀನು ಮಾಡು, ಆಮೇಲೆ ಹೇಳ್ತೀನಿ."

"ಹಂಗಾದ್ರೆ ಅವನ್ನೇ ಮೊದ್ಲು ತಗೊಳ್ತೀನಿ. ನೀವು ಪಕ್ಕದಲ್ಲಿ ನಿಂತ್ರೆ ನನ್ ಕೈ ನಡುಗ್ತದೆ. ಸಂಜೆ ಕಡೆ ಬನ್ನಿ."

ಷಣ್ಮುಖಪ್ಪ ಸಂತೆಗೆ ಬಂದ ಎತ್ತಿನಂತೆ ಕಡೂರಿನಲ್ಲಿ ಸುಮ್ಮನೆ ನಿಂತು, ನಡೆದು, ಮತ್ತೆ ನಿಂತು ಹೊತ್ತು ಕಳೆದ. ಹೋಟೆಲಿನಲ್ಲಿ ಕಾಫಿಗೆ ಸಕ್ಕರೆ ಹಾಕುವಾಗ ನಾಲ್ಕು ಹರಳು ಮೇಜಿನ ಮೇಲೆ ಬಿದ್ದವು. ಅವನ್ನು ಬೆರಳಿನಿಂದ ಆಚೀಚೆ ಸರಿಸಿ ಕೃತ್ತಿಕೆ ಇಲ್ಲಿ, ಆರಿದ್ರಾ ಅಲ್ಲಿ ಎಂದು ತೋರಿಸುವುದನ್ನು ಅಭ್ಯಾಸ ಮಾಡಿಕೊಂಡ. ಅವಳು ಮೊದಲು ಏನು ಕೇಳಬಹುದು? ಇದ್ಯಾವ ಮಳೆ ಅಂತ ಕೇಳುತ್ತಾಳೆ. ಇದು ನೀನು ಹುಟ್ಟಿದ ಮಳೆ ಕಣೇ, ರೋಹಿಣಿ, ಅನ್ನಬೇಕು.

ತಡೆಯಲಾರದೆ ಎರಡು ಸಲ ಕಿಟಕಿಯಿಂದ ಇಣುಕಿದ. ಎರಡು ಸಲವೂ ಓಬಳಪ್ಪ ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ಬಾಗಿ, ಉಸಿರು ಹಿಡಿದು, ಬ್ಲೇಡಿನ ತುದಿ ಆಡಿಸುತ್ತಿದ್ದ. ಪೆನ್ಸಿಲ್ ಕಿವಿಯ ಮೇಲೆಯೇ ಇತ್ತು. ಇಂಥ ಶ್ರದ್ಧೆಯ ಮನುಷ್ಯ ಸರ್ಕಾರಿ ಕಚೇರಿಯಲ್ಲಿ ಒಬ್ಬನಿದ್ದರೆ ಸಾಕು ಎಂದುಕೊಂಡು ಷಣ್ಮುಖಪ್ಪ ಹೊರಟುಬಂದ.

ಕೊನೆಗೆ ಓಬಳಪ್ಪ ಹೊರಗೆ ಬಂದಾಗ ಅವನ ಕಣ್ಣು ಕೆಂಪಗಾಗಿದ್ದವು. ಎರಡು ಕಂದು ಲಕೋಟೆ ಕೈಗಿಟ್ಟ. "ಇದು ಸಾಹೇಬ್ರದ್ದು, ಕೊನೇಲಿ ಅವಸರವಸರವಾಗಿ ಪ್ರಿಂಟ್ ಹಾಕ್ದೆ. ಇದು ನಿಮ್ಮದು. ನಿಮ್ಮ ಆ ನಾಲ್ಕು ಬಾಳ ಹಿಂಸೆ ಕೊಟ್ವು ಸಾರ್, ಇಡೀ ದಿನ ತಿಂದ್ವು. ಆದ್ರೂ ನಾನು ಬಿಡ್ಲಿಲ್ಲ."

ಷಣ್ಮುಖಪ್ಪನ ಕಣ್ಣಲ್ಲಿ ನೀರು ಬಂತು. ಓಬಳಪ್ಪನ ಎರಡೂ ಕೈ ಹಿಡಿದುಕೊಂಡ. "ನೀನು ಮಾಡಿದ್ದು ಎಂಥಾ ಕೆಲಸ ಅಂತ ನಿನಗೇ ಗೊತ್ತಿಲ್ಲಪ್ಪ," ಎಂದ.

ಬಸ್ಸು ಹಾರನ್ ಹೊಡೆಯುತ್ತಿತ್ತು. ಲಕೋಟೆ ಬಿಚ್ಚಿ ನೋಡುವಷ್ಟು ಹೊತ್ತು ಇರಲಿಲ್ಲ, ಇದ್ದಿದ್ದರೂ ಬಿಚ್ಚುತ್ತಿರಲಿಲ್ಲ. ಮೊದಲು ಅವಳೇ ನೋಡಲಿ. ಬೀರೂರಿನಲ್ಲಿ ಅಜ್ಜಂಪುರದ ಬಸ್ಸು ಹತ್ತಿದರೆ, ಅರ್ಧ ದಾರಿಯಲ್ಲೇ ಸೂರ್ಯ ಹಲಸಿನಹಣ್ಣಿನ ಬಣ್ಣಕ್ಕೆ ತಿರುಗಿದ್ದ. ಅಜ್ಜಂಪುರದಲ್ಲಿ ಇಳಿದವನು ಪಂಚೆ ಎತ್ತಿ ಕಟ್ಟಿ ಓಡಿದ. ಹಿಂದೆ ಎರಡು ನಾಯಿ, ಅದರ ಹಿಂದೆ ನಾಯಿ ಯಾಕೆ ಓಡುತ್ತಿವೆ ಎಂದು ನೋಡಲು ಬಂದ ಮೂವರು.

ತೀರ್ಥಮ್ಮ ಜಗಲಿಯ ತುದಿಯಲ್ಲಿ, ಬೆಳಕು ಇನ್ನೂ ಉಳಿದಿದ್ದ ಜಾಗದಲ್ಲಿ, ತಲೆ ಬಾಚಿ ಹೂ ಮುಡಿದು ಕೂತಿದ್ದಳು. ಪಕ್ಕದಲ್ಲಿ ತಿಮ್ಮಕ್ಕ, ಕರೆಯದಿದ್ದರೂ.

"ಬಂದ್ರಾ? ಇನ್ನೂ ಕಾಣ್ತೈತೆ, ಬೇಗ ತೆಗೀರಿ," ಎಂದಳು ತೀರ್ಥಮ್ಮ.

ಅವಸರದಲ್ಲಿ ಅವನು ಬಿಚ್ಚಿದ್ದು ಸಾಹೇಬರ ಲಕೋಟೆ. ಶಿರಸ್ತೇದಾರರ ಮಗಳು ನಗುತ್ತಿದ್ದಳು. ಹಣೆಯ ಮೇಲೆ, ಕೆನ್ನೆಯ ಮೇಲೆ, ಗಲ್ಲದ ಮೇಲೆ ಮೊಡವೆಗಳು ಇದ್ದ ಇದ್ದ ಜಾಗದಲ್ಲೇ, ಒಂದೂ ಅಲುಗದೆ, ಸ್ಫುಟವಾಗಿ ಇದ್ದವು.

"ಯಾರಪ್ಪ ಈ ಹುಡುಗಿ? ಪಾಪ, ಬೇವಿನ ಸೊಪ್ಪು ಅರೆದು ಹಚ್ಚೋಕೇಳು," ಎಂದಳು ತಿಮ್ಮಕ್ಕ.

ಷಣ್ಮುಖಪ್ಪನಿಗೆ ಲಿಂಗದಹಳ್ಳಿ ನೆನಪಾಗಬೇಕಿತ್ತು. ನೆನಪಾಗಲಿಲ್ಲ. ಮೊಡವೆ ಹಾಗೇ ಇದ್ದರೆ, ಇಡೀ ದಿನ ಬಾಗಿಕೊಂಡು ಓಬಳಪ್ಪ ಕೆರೆದದ್ದು ಏನನ್ನು?

ಎರಡನೆಯ ಲಕೋಟೆ ಬಿಚ್ಚಿದ. ಮೊದಲ ಪ್ರಿಂಟ್ ಕಪ್ಪು. ಎರಡನೆಯದು ಕಪ್ಪು. ನಾಲ್ಕೂ ಕಾವಲಿಯ ಬೆನ್ನಿನಷ್ಟು ಕಪ್ಪು. ನೆಗೆಟಿವ್ ತೆಗೆದು ಉಳಿದಿದ್ದ ಬೆಳಕಿಗೆ ಹಿಡಿದ. ಒರೆಸಿದ ಕಿಟಕಿ ಗಾಜಿನಷ್ಟು ಶುಭ್ರ. ಕೃತ್ತಿಕೆ ಇದ್ದ ಮೂಲೆಯಲ್ಲಿ ಬ್ಲೇಡಿನ ನವಿರಾದ ಗೀರುಗಳು ಮಾತ್ರ ಉಳಿದಿದ್ದವು. ರೋಲಿನಲ್ಲಿ ಒಂದೇ ಒಂದು ಕಲೆ ಉಳಿಯಬಾರದು ಎಂದವನು ತಾನೇ. ಇವನ್ನ ಇನ್ನೂ ಕಾಳಜಿಯಿಂದ ಮಾಡು ಎಂದವನೂ ತಾನೇ.

ತಿಮ್ಮಕ್ಕ ಕತ್ತು ಚಾಚಿ ನೋಡಿದಳು. "ಹೋದ್ವರ್ಷ ಗೆರೆನಾದ್ರೂ ಇದ್ವು ಕಣಪ್ಪ," ಎಂದಳು.

ತೀರ್ಥಮ್ಮ ಕೈ ಚಾಚಿದಳು. ಕೊಡದೆ ಇರಲು ಅವನಿಗೆ ಆಗಲಿಲ್ಲ. ಅವಳು ಫೋಟೊವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಪಡುವಣ ಬೆಳಕಿಗೆ ಓರೆ ಮಾಡಿದಳು. ಷಣ್ಮುಖಪ್ಪ ತಲೆ ಎತ್ತಲಿಲ್ಲ. ಎತ್ತಿದ್ದರೆ ಮೊದಲ ನಕ್ಷತ್ರ ಕಾಣುವ ಹೊತ್ತು ಅದು.

"ರೀ," ಎಂದಳು ತೀರ್ಥಮ್ಮ.

"ಹೂಂ."

"ಇದು ನಂಗೊತ್ತು. ದಿನಾ ರಾತ್ರಿ ಇದನ್ನೇ ನೋಡ್ತೀನಲ್ಲ." ಅವಳು ಫೋಟೊದ ಮೇಲೆ ಮೆಲ್ಲಗೆ ಬೆರಳಾಡಿಸಿದಳು. "ಥೇಟ್ ಹಿಂಗೇ ಇರ್ತೈತೆ. ನಿಮಗೆ ಹೆಂಗೆ ಸಿಕ್ತು?"